ಹೊರಗೆ ಮೈನಸ್ 50, ಒಳಗೆ ಬೆವರು

(ನಮ್ಮ ಬಡಾವಣೆಯ ಮಹಿಳಾ ಸಮಾಜದಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಯಾವ ಮಾತ್ರೆ ತಗೋಬೇಕು, ಯಾವುದನ್ನು ಬಿಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಒದ್ದೆ ಬಟ್ಟೆ ಯಾಕೆ ತಣ್ಣಗಾಗುತ್ತದೆ ಅನ್ನುವುದನ್ನು ಧೈರ್ಯವಾಗಿ ಹೇಳಬಲ್ಲೆ. ಇವತ್ತಿನ ವಿಷಯ ಹಾಟ್ ಫ್ಲಶ್, ಅಂದರೆ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ಮೈ ಬಿಸಿ ಏರುವುದು, ಅದೂ ದೂರದ ವಿಮಾನ ಪ್ರಯಾಣದಲ್ಲಿ. ಅದಕ್ಕೆ ಈ ಒದ್ದೆ ಬಟ್ಟೆಯ ಪಾಠವೂ ಬೇಕು.

ಇಲ್ಲಿ ಮಗಳ ಅಥವಾ ಸೊಸೆಯ ಬಾಣಂತನಕ್ಕೆ ಅಂತ ವಿಮಾನ ಹತ್ತಿದವರು ಎಷ್ಟು ಜನ? ಕೈ ಎತ್ತಿ. ಹನ್ನೊಂದು. ಸರಿ. ಅದರಲ್ಲಿ ಮುಟ್ಟು ನಿಲ್ಲುವ ಸಮಯದಲ್ಲೇ ಹೋದವರು? ನೋಡಿ, ಈಗ ಕೈ ಅರ್ಧಕ್ಕೇ ನಿಂತಿತು. ಪರವಾಗಿಲ್ಲ, ನಾನೇ ಲೆಕ್ಕ ಹೇಳುತ್ತೇನೆ. ನಮ್ಮಲ್ಲಿ ತುಂಬ ಜನಕ್ಕೆ ಇಪ್ಪತ್ತಮೂರು, ಇಪ್ಪತ್ತನಾಲ್ಕಕ್ಕೆ ಮೊದಲ ಮಗು. ಆ ಮಗು ಇಪ್ಪತ್ತೇಳಕ್ಕೆ ಬಸುರಿಯಾದರೆ ಅಮ್ಮನಿಗೆ ಐವತ್ತು. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46–47. ನಿಂತ ತಕ್ಷಣ ಬಿಸಿ ಏರುವುದು ನಿಲ್ಲುತ್ತದಾ? ಇಲ್ಲ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಸ್ವಾನ್ ಅನ್ನುವ ಅಧ್ಯಯನವಿದೆ. ಪದೇ ಪದೇ ಬಿಸಿ ಏರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನಕ್ಕೆ ಅದು 7.4 ವರ್ಷಕ್ಕೂ ಜಾಸ್ತಿ ಕಾಲ ಕಾಡಿತು ಅಂತ 2015ರಲ್ಲಿ ಅದರ ವರದಿ ಬಂತು. ಅಂದರೆ ಅಂಟಿನುಂಡೆ, ಚಟ್ನಿಪುಡಿ ಕಟ್ಟಿಕೊಂಡು ನಾವು ವಿಮಾನ ಹತ್ತುವ ವಯಸ್ಸೂ, ಈ ಕಾಟದ ವಯಸ್ಸೂ ಒಂದೇ. ಸೂಟ್‌ಕೇಸ್ ಎಷ್ಟು ಕೇಜಿ ಅಂತ ಹತ್ತು ಸಲ ತೂಗುತ್ತೇವೆ. ಇದನ್ನು ಮಾತ್ರ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ನಾನೂ ತಗೊಂಡಿರಲಿಲ್ಲ. ನನ್ನ ಮೊದಲ ಪ್ರಯಾಣದ ಕಥೆ ಕೇಳಿ. ನನಗಾಗ ಐವತ್ತು. ಮಗಳು ಅಮೆರಿಕದ ಸನಿವೇಲ್‌ನಲ್ಲಿ. "ಅಮ್ಮ, ಫ್ಲೈಟಲ್ಲಿ ತುಂಬ ಚಳಿ ಇರುತ್ತೆ" ಅಂತ ಫೋನಿನಲ್ಲಿ ಹೇಳಿದ್ದಳು. ಅದಕ್ಕೇ ಒಳಗೆ ಥರ್ಮಲ್, ಅದರ ಮೇಲೆ ಸಿಂಥೆಟಿಕ್ ಚೂಡಿದಾರ್, ಮೇಲೊಂದು ಕತ್ತಿನ ತನಕ ಮುಚ್ಚುವ ಸ್ವೆಟರ್. ತಲೆಯಿಂದ ತೆಗೆಯಬೇಕಾದ ಸ್ವೆಟರ್ ಅದು, ಗುಂಡಿ ಇಲ್ಲದ್ದು. ಸೀಟು ಮೂರರಲ್ಲಿ ನಡುವಿನದು. ಊಟ ಕೊಟ್ಟರು, ಬಿಸಿ ಬಿಸಿ ಕಾಫಿ ಕುಡಿದೆ, ಕಂಬಳಿ ಹೊದ್ದೆ, ಲೈಟ್ ಆರಿಸಿದರು.

ಒಂದರ್ಧ ಗಂಟೆ ಆಗಿರಬಹುದು. ಮೊದಲು ಎದೆಯಲ್ಲಿ ಒಂಥರಾ ಕಳವಳ. ಏನೋ ಆಗುತ್ತೆ ಅನ್ನುವ ಹಾಗೆ. ಆಮೇಲೆ ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಝಳ. ಒಗ್ಗರಣೆ ಬಾಣಲೆ ಮೇಲೆ ಮುಖ ಹಿಡಿದ ಹಾಗೆ. ನೆತ್ತಿಯಲ್ಲಿ ಬೆವರು ಕಿತ್ತುಕೊಂಡು ಬಂತು. ಸ್ವೆಟರ್ ತೆಗೆಯೋಣ ಅಂದರೆ ಮೊಣಕೈ ಎತ್ತಲು ಜಾಗವಿಲ್ಲ, ಎರಡೂ ಪಕ್ಕ ಜನ ಮಲಗಿದ್ದಾರೆ. ಎದ್ದು ಹೋಗೋಣ ಅಂದರೆ ಸೀಟ್ ಬೆಲ್ಟ್ ಲೈಟ್ ಹತ್ತಿಕೊಂಡಿತು, ವಿಮಾನ ಕುಲುಕುತ್ತಿದೆ. ಕರ್ಚೀಫು? ಕೈಚೀಲದಲ್ಲಿ. ಕೈಚೀಲ? ತಲೆ ಮೇಲಿನ ಪೆಟ್ಟಿಗೆಯಲ್ಲಿ. ಕಿಟಕಿ ಪಕ್ಕದ ಹುಡುಗ ಎದ್ದು ನೋಡಿ, "ಆಂಟಿ, ಹುಷಾರಿದ್ದೀರಾ? ಯಾರನ್ನಾದ್ರೂ ಕರೀಲಾ?" ಅಂದ. ನಾನು "ಏನಿಲ್ಲ ಪುಟ್ಟ, ಸ್ವಲ್ಪ ಸೆಕೆ" ಅಂದೆ. ಎದುರಿನ ಪರದೆಯಲ್ಲಿ ಹೊರಗಿನ ಉಷ್ಣಾಂಶ ಮೈನಸ್ 52 ಅಂತ ತೋರಿಸುತ್ತಿತ್ತು.

ಕೊನೆಗೆ ಏನು ಮಾಡಿದೆ ಗೊತ್ತಾ? ಸೀಟ್ ಬೆಲ್ಟಿನ ಲೋಹದ ಬಕಲ್ ಇದೆಯಲ್ಲ, ಅದಕ್ಕೆ ಮಣಿಕಟ್ಟು ಒತ್ತಿ ಹಿಡಿದೆ. ಲೋಹ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಬೋರ್ಡ್ ಮೇಲೆ ಬರೆದದ್ದು ಅವತ್ತು ನನಗೇ ಉಪಯೋಗಕ್ಕೆ ಬಂತು. ಅಷ್ಟರಲ್ಲಿ ಝಳ ಇಳಿಯಿತು. ಇಳಿದ ಮೇಲೆ ಇನ್ನೊಂದು ಶುರು: ಒದ್ದೆ ಥರ್ಮಲ್ ಬೆನ್ನಿಗೆ ಅಂಟಿ ಗಡಗಡ ನಡುಕ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವವರೆಗೆ ಹೀಗೇ ಆರೇಳು ಸಲ ಆಯಿತು.

ಇದು ಯಾಕೆ ಆಗುತ್ತದೆ ಅಂತ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಇದಕ್ಕೆ ಉಷ್ಣ ಅಂದುಬಿಡುತ್ತೇವೆ. ನೆತ್ತಿಗೆ ಹರಳೆಣ್ಣೆ, ಎಳನೀರು, ನೆನೆಸಿದ ಮೆಂತ್ಯ. ತಿನ್ನಿ, ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಮೈಯೊಳಗೆ ಉಷ್ಣ ಏನೂ ಏರಿರುವುದಿಲ್ಲ. ಮಿದುಳಿನಲ್ಲಿ ಹೈಪೋಥಾಲಮಸ್ ಅನ್ನುವ ಜಾಗವಿದೆ. ನಮ್ಮ ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಇದ್ದ ಹಾಗೆ. ಮೈ ಸ್ವಲ್ಪ ಬಿಸಿಯಾದರೆ, ಸ್ವಲ್ಪ ತಣ್ಣಗಾದರೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ, ಆಚೀಚೆ ಒಂದಷ್ಟು ಸಡಿಲ ಬಿಟ್ಟಿರುತ್ತದೆ. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಕಡಿಮೆಯಾಗುತ್ತಾ ಹೋದ ಹಾಗೆ ಆ ಸಡಿಲ ಹೋಗಿ ಬಿಗಿಯಾಗುತ್ತದೆ. ಒಂದು ಲೋಟ ಬಿಸಿ ಕಾಫಿ, ಒಂದು ಕಂಬಳಿ, ಒಂದು ಗಾಬರಿ, ಅಷ್ಟೇ ಸಾಕು. "ಅಯ್ಯೋ ಬಿಸಿ ಆಯ್ತು, ಹೊರಗೆ ಹಾಕಿ" ಅಂತ ಆಜ್ಞೆ ಹೊರಡುತ್ತದೆ. ಚರ್ಮದ ರಕ್ತನಾಳಗಳು ಅಗಲವಾಗುತ್ತವೆ, ಎದೆ ಬಡಿತ ಜೋರಾಗುತ್ತದೆ, ಬೆವರು ಬರುತ್ತದೆ. ಮಿದುಳಿನ ಆ ಜಾಗಕ್ಕೇ ಕೆಲಸ ಮಾಡುವ, ಹಾರ್ಮೋನ್ ಅಲ್ಲದ ಒಂದು ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಫೆಜೋಲಿನೆಟಾಂಟ್ ಅಂತ ಅದರ ಹೆಸರು. ಅದು ಡಾಕ್ಟರ್ ಹತ್ತಿರ ಕೇಳುವ ವಿಷಯ.

ನಮಗೆ ಬೇಕಾದ ಸಂಗತಿ ಏನೆಂದರೆ, ಒಂದು ಹಾಟ್ ಫ್ಲಶ್ ಸಾಮಾನ್ಯವಾಗಿ ಇರುವುದು ಒಂದರಿಂದ ಐದು ನಿಮಿಷ. ಮೂರು ನಿಮಿಷ ಅಂತ ಇಟ್ಟುಕೊಳ್ಳಿ. ಎಂಟು ಸಲ ಬಂದರೂ ಇಪ್ಪತ್ತನಾಲ್ಕು ನಿಮಿಷ. ನಾನು ಹದಿನೇಳು ಗಂಟೆಯ ಪ್ರಯಾಣಕ್ಕೆ ಅಂತ ತಯಾರಿ ಮಾಡಿಕೊಂಡು ಹೋಗಿದ್ದೆ: ಥರ್ಮಲ್, ಕಂಬಳಿ, ಕತ್ತಿನ ದಿಂಬು. ತಯಾರಾಗಬೇಕಾಗಿದ್ದದ್ದು ಆ ಮೂರು ನಿಮಿಷಕ್ಕೆ. ಅದೂ ಎದ್ದು ನಿಲ್ಲದೆ, ಕತ್ತಲೆಯಲ್ಲಿ, ಪಕ್ಕದವರನ್ನು ಎಬ್ಬಿಸದೆ, ಕೈಗೆ ಸಿಗುವಷ್ಟು ದೂರದಲ್ಲಿ.

ಈಗ ವಿಮಾನದ ಒಳಗಿನ ಗಾಳಿ. ಇದು ನನ್ನ ಪ್ರೀತಿಯ ಪಾಠ, ಸ್ವಲ್ಪ ಎಳೆದರೆ ಸಹಿಸಿಕೊಳ್ಳಿ. ವಿಮಾನ ಹಾರುವುದು ಮೂವತ್ತೈದು ಸಾವಿರ ಅಡಿಯಲ್ಲಿ. ಒಳಗೆ ಇರುವ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ್ದು. ಅಂದರೆ ಮುಳ್ಳಯ್ಯನಗಿರಿ ತುದಿಯಿಂದ ಊಟಿಗಿಂತ ಸ್ವಲ್ಪ ಮೇಲಿನವರೆಗೆ ಎಲ್ಲೋ ಒಂದು ಕಡೆ ಹದಿನೇಳು ಗಂಟೆ ಕೂತ ಹಾಗೆ. ತೇವಾಂಶ ಮಾತ್ರ ಗಿರಿಯದ್ದಲ್ಲ. ಹತ್ತರಿಂದ ಇಪ್ಪತ್ತು ಪರ್ಸೆಂಟ್. ಏಪ್ರಿಲ್ ಮಧ್ಯಾಹ್ನದ ರಾಯಚೂರು ಅನ್ನಿ. ತುಟಿ ಒಡೆಯುತ್ತದೆ, ಕಣ್ಣು ಉರಿಯುತ್ತದೆ. ಈ ವಯಸ್ಸಲ್ಲಿ ಕಣ್ಣು ಮೊದಲೇ ಒಣಗಿರುತ್ತದೆ, ಮೂತ್ರದ ಜಾಗದಲ್ಲೂ ಒಣಗುವ ತೊಂದರೆ ಇರುತ್ತದೆ. ಹಾಗಂತ ನೀರು ಕುಡಿಯದೆ ಕೂತರೆ ಉರಿ ಜಾಸ್ತಿ.

ಆದರೆ ಈ ಒಣಗಾಳಿಯಿಂದ ನಮಗೆ ಒಂದು ಲಾಭವೂ ಇದೆ. ಮಣ್ಣಿನ ಮಡಕೆಯ ನೀರು ಮಂಗಳೂರಿಗಿಂತ ರಾಯಚೂರಿನಲ್ಲಿ ಯಾಕೆ ಜಾಸ್ತಿ ತಣ್ಣಗಿರುತ್ತದೆ? ಗಾಳಿ ಒಣಗಿದಷ್ಟೂ ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಶಾಖ ಎಳೆದುಕೊಂಡು ಹೋಗುತ್ತದೆ. ನಾನು ಲೆಕ್ಕ ಹಾಕಿ ನೋಡಿದೆ. 23 ಡಿಗ್ರಿ, ಹದಿನೈದು ಪರ್ಸೆಂಟ್ ತೇವದ ಗಾಳಿಯಲ್ಲಿ ಒಂದು ಒದ್ದೆ ಕರ್ಚೀಫನ್ನು ಹಿಡಿದು ಬೀಸಿದರೆ ಅದು ಹತ್ತು ಹನ್ನೊಂದು ಡಿಗ್ರಿಯ ಹತ್ತಿರಕ್ಕೆ ಇಳಿಯಬಹುದು. ಫ್ರಿಜ್ ಬೇಡ, ಐಸ್ ಬೇಡ. ಒಂದು ಕಾಟನ್ ಬಟ್ಟೆ, ಎರಡು ಚಮಚ ನೀರು, ಸ್ವಲ್ಪ ಗಾಳಿ. ಮಂಗಳೂರಿನ ಬಸ್ಸಿನಲ್ಲಿ ಇದು ನಡೆಯುವುದಿಲ್ಲ, ವಿಮಾನದಲ್ಲಿ ಚೆನ್ನಾಗಿ ನಡೆಯುತ್ತದೆ.

ನನ್ನ ಎರಡನೇ ಪ್ರಯಾಣಕ್ಕೆ ಈ ಚೀಲ ಹೊಲಿದೆ. ನೋಡಿ, ಕನ್ನಡಕದ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಹಳೇ ವಾಯಿಲ್ ಸೀರೆಯ ಎರಡು ಚೌಕ. ವಾಯಿಲ್ ಯಾಕೆ ಅಂದರೆ ನೀರು ಬೇಗ ಹೀರುತ್ತದೆ, ಬೇಗ ಆರುತ್ತದೆ. ಐವತ್ತು ಎಂಎಲ್‌ನ ಸ್ಪ್ರೇ ಬಾಟಲಿ. ಸೆಕ್ಯುರಿಟಿಯಲ್ಲಿ 100 ಎಂಎಲ್‌ವರೆಗೆ ಬಿಡುತ್ತಾರೆ, ಆದರೂ ಖಾಲಿ ತಗೊಂಡು ಹೋಗಿ ಒಳಗೆ ತುಂಬಿಸಿಕೊಳ್ಳುವುದು ಸುಲಭ. ಜಾತ್ರೆಯಲ್ಲಿ ತಗೊಂಡ ಮಡಚುವ ಬೀಸಣಿಗೆ. ಬ್ಯಾಟರಿ ಫ್ಯಾನ್ ಬೇಕಾದವರು ಅದನ್ನು ಕೈಚೀಲದಲ್ಲೇ ಇಡಿ, ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಬಾರದು. ನನಗೆ ಬೀಸಣಿಗೆಯೇ ಇಷ್ಟ, ಕತ್ತಲೆಯಲ್ಲಿ ಗುರ್ ಅನ್ನುವುದಿಲ್ಲ. ಒಂದು ಕೂದಲ ಕ್ಲಿಪ್ಪು, ಕತ್ತಿನ ಮೇಲಿನ ಕೂದಲು ಎತ್ತಿ ಕಟ್ಟಲು. ಒಂದು ಪ್ಯಾಡ್. ಚೀಲ ಮುಂದಿನ ಸೀಟಿನ ಜೇಬಿನಲ್ಲಿ ಇರಬೇಕು, ತಲೆ ಮೇಲಿನ ಪೆಟ್ಟಿಗೆಯಲ್ಲಲ್ಲ.

ಝಳ ಶುರುವಾಗುವ ಮುಂಚೆ ಆ ಕಳವಳ ಬರುತ್ತದಲ್ಲ, ಅದು ಎಲ್ಲರಿಗೂ ಬರುವುದಿಲ್ಲ. ಬರುವವರು ಅದೃಷ್ಟವಂತರು ಅನ್ನುತ್ತೇನೆ, ಸೂಚನೆ ಸಿಕ್ಕ ಹಾಗೆ. ಕಂಬಳಿ ಸರಿಸಿ. ಬಟ್ಟೆಗೆ ಎರಡು ಸಲ ಸ್ಪ್ರೇ ಮಾಡಿ ಕತ್ತಿನ ಹಿಂದೆ ಹಾಕಿ. ಇನ್ನೊಂದನ್ನು ಮಣಿಕಟ್ಟಿಗೆ. ಬೀಸಿಕೊಳ್ಳಿ. ಝಳ ಇಳಿದ ತಕ್ಷಣ, ಇದು ಮುಖ್ಯ, ಒಣಗಿದ ಭಾಗದಿಂದ ಬೆವರು ಒರೆಸಿ ಶಾಲು ಹೊದೆಯಿರಿ. ತಂಪು ಮಾಡಿದ ಅದೇ ಒಣಗಾಳಿ ಆಮೇಲೆ ನಡುಕ ತರುತ್ತದೆ.

ಬಟ್ಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಾಟನ್, ಸಡಿಲ, ಮುಂದೆ ಗುಂಡಿ ಇರುವ ಸ್ವೆಟರ್. ಥರ್ಮಲ್ ಸೂಟ್‌ಕೇಸಿನಲ್ಲಿ ಇರಲಿ, ಇಳಿಯುವ ಊರಿನಲ್ಲಿ ಹಿಮ ಇದ್ದರೆ ಅಲ್ಲಿನ ಶೌಚಾಲಯದಲ್ಲಿ ಹಾಕಿಕೊಳ್ಳಬಹುದು. ಸೀರೆ ಉಡುವವರು ಉಟ್ಟುಕೊಳ್ಳಿ, ಕಾಟನ್ ಸೀರೆಯಷ್ಟು ಗಾಳಿಯಾಡುವ ಬಟ್ಟೆ ಇಲ್ಲ. ಆ ಪುಟ್ಟ ಶೌಚಾಲಯದಲ್ಲಿ ನೆರಿಗೆ ಸರಿಮಾಡಿಕೊಳ್ಳುವುದು ಮಾತ್ರ ಸರ್ಕಸ್.

ಸೀಟು ನಡೆಯುವ ದಾರಿ ಪಕ್ಕದ್ದೇ ತಗೊಳ್ಳಿ. ಕಿಟಕಿಯಲ್ಲಿ ನೋಡುವುದು ರಾತ್ರಿ ಏನೂ ಇಲ್ಲ. ಮಕ್ಕಳು ಟಿಕೆಟ್ ಮಾಡುವಾಗ "ಎಲ್ಲಾದ್ರೂ ಪರವಾಗಿಲ್ಲ" ಅನ್ನಬೇಡಿ. ತಲೆ ಮೇಲೆ ಗಾಳಿ ಬಿಡುವ ಗುಂಡಿ ಬಸ್ಸಿನಲ್ಲಿ ಇದ್ದ ಹಾಗೆ ಇರುತ್ತದೆ ಅಂತ ನಂಬಿ ಹೋಗಬೇಡಿ, ಎಷ್ಟೋ ದೊಡ್ಡ ವಿಮಾನಗಳಲ್ಲಿ ಅದು ಇರುವುದೇ ಇಲ್ಲ. ಇನ್ನು ವೀಲ್‌ಚೇರ್ ಸಹಾಯ. ನಮ್ಮಲ್ಲಿ ಅನೇಕ ಅಮ್ಮಂದಿರು ನಡೆಯಲು ಆಗದೆ ಅಲ್ಲ, ಭಾಷೆಯ ಭಯಕ್ಕೆ ತಗೊಳ್ಳುತ್ತಾರೆ. ತಗೊಳ್ಳಿ, ನಾನು ಆಡಿಕೊಳ್ಳುವುದಿಲ್ಲ. ಆದರೆ ಹತ್ತುವ ಮುಂಚೆ ಗೇಟಿನ ಹತ್ತಿರ ಎದ್ದು ಹತ್ತು ನಿಮಿಷ ಓಡಾಡಿ.

ಯಾಕೆ ಅಂದರೆ ಕಾಲು. ನಾಲ್ಕು ಗಂಟೆಗಿಂತ ಜಾಸ್ತಿ ಕೂತು ಪ್ರಯಾಣ ಮಾಡಿದರೆ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡರಷ್ಟಾಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಹೆದರಬೇಡಿ, ಎರಡರಷ್ಟಾದರೂ ಅದು ಸುಮಾರು ಆರು ಸಾವಿರ ಜನರಲ್ಲಿ ಒಬ್ಬರಿಗೆ. ಆದರೆ ಮುಟ್ಟು ನಿಂತ ಮೇಲೆ ಹಾರ್ಮೋನ್ ಚಿಕಿತ್ಸೆ ತಗೊಳ್ಳುವವರು ಗಮನಿಸಿ. ಬಾಯಿಗೆ ತಗೊಳ್ಳುವ ಈಸ್ಟ್ರೋಜನ್ ಮಾತ್ರೆಯೂ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪ್ಯಾಚ್‌ಗಳಲ್ಲಿ ಆ ಅಪಾಯ ಕಡಿಮೆ. ಟಿಕೆಟ್ ಆದ ಕೂಡಲೇ ಡಾಕ್ಟರಿಗೆ "ನಾನು ಇಂತಿಷ್ಟು ಗಂಟೆ ಹಾರುತ್ತೇನೆ" ಅಂತ ಹೇಳಿ, ಬಿಗಿ ಸಾಕ್ಸ್ ಬೇಕಾ ಅಂತಲೂ ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ಖಂಡಿತ ಬೇಡ. ಹತ್ತು ಗಂಟೆ ಕಾಲು ಅಲುಗಿಸದೆ ಬಿದ್ದಿರುವುದೇ ಅಪಾಯ.

ಭಯದ ವಿಷಯಕ್ಕೆ ಬರುತ್ತೇನೆ. ಹಾಟ್ ಫ್ಲಶ್‌ಗೂ ಗಾಬರಿಗೂ ಒಂದೇ ಲಕ್ಷಣ: ಎದೆ ಬಡಿತ, ಬೆವರು, ಇಲ್ಲಿಂದ ಎದ್ದು ಹೋಗಬೇಕು ಅನ್ನುವ ಅವಸರ. ಒಂದು ಇನ್ನೊಂದನ್ನು ಎಬ್ಬಿಸುತ್ತದೆ. ನಿಧಾನ ಉಸಿರಾಡಿದರೆ ಝಳ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಜ ಹೇಳಬೇಕು ಅಂದರೆ, ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿ 2023ರಲ್ಲಿ ಎಲ್ಲ ಅಧ್ಯಯನ ನೋಡಿ, ನಿಧಾನ ಉಸಿರಾಟಕ್ಕೆ, ಯೋಗಕ್ಕೆ, ನಾನು ಹೇಳಿದ ಈ ತಂಪು ಮಾಡುವ ಉಪಾಯಗಳಿಗೂ ಹಾಟ್ ಫ್ಲಶ್ ಕಡಿಮೆ ಮಾಡುವಷ್ಟು ಆಧಾರ ಇಲ್ಲ ಅಂದಿತು. ಸಿಬಿಟಿ ಅಂತ, ಯೋಚನೆಯ ದಾರಿ ಬದಲಿಸುವ ಮಾತಿನ ಚಿಕಿತ್ಸೆಗೆ, ಹಿಪ್ನಾಸಿಸ್ ಚಿಕಿತ್ಸೆಗೆ ಒಳ್ಳೆ ಆಧಾರ ಇದೆ ಅಂದಿತು. ಹಾಗಾಗಿ ನನ್ನ ಚೀಲ ಇದ್ದರೆ ಎಂಟು ಸಲ ಬರುವ ಝಳ ಆರು ಸಲ ಆಗುವುದಿಲ್ಲ. ಬಂದಾಗ ಆ ಮೂರು ನಿಮಿಷ ಕಳೆಯಲು ಕೈಗೊಂದು ಕೆಲಸ ಸಿಗುತ್ತದೆ. ನನಗೆ ಅಷ್ಟು ಸಾಕಾಯಿತು. ಎರಡನೇ ಸಲ ನಾನು ಗಡಿಯಾರ ನೋಡುತ್ತಿದ್ದೆ. ಎರಡು ನಿಮಿಷ ನಲವತ್ತು ಸೆಕೆಂಡ್. ಮೂರು ನಿಮಿಷ ಹತ್ತು. ಒಮ್ಮೆ ಮಾತ್ರ ನಾಲ್ಕು ದಾಟಿತು. ಪ್ರಯೋಗಾಲಯದ ಚಟ, ಏನು ಮಾಡುವುದು. ಆದರೆ ಗಡಿಯಾರ ನೋಡುವವರಿಗೆ ಗಾಬರಿಯಾಗಲು ಪುರುಸೊತ್ತು ಇರುವುದಿಲ್ಲ.

ಒಂದು ಎಚ್ಚರಿಕೆ. ಎದೆ ನೋವು, ಉಸಿರು ಸಿಗದಿರುವುದು, ತೋಳಿಗೆ ದವಡೆಗೆ ಹರಡುವ ನೋವು, ಇದ್ಯಾವುದಾದರೂ ಇದ್ದರೆ ಅದನ್ನು ಮೆನೋಪಾಸ್ ಲೆಕ್ಕಕ್ಕೆ ಹಾಕಿ ಸುಮ್ನೆ ಕೂರಬೇಡಿ. ಗುಂಡಿ ಒತ್ತಿ ಗಗನಸಖಿಯನ್ನು ಕರೆಯಿರಿ.

ಪಕ್ಕದವರಿಗೆ ಹೇಳಬೇಕಾ ಅಂತ ಕೇಳುತ್ತೀರಿ. ಎರಡನೇ ಸಲ ನನ್ನ ಪಕ್ಕ ಗುಲ್ಬರ್ಗ ಕಡೆಯ ಒಬ್ಬರು ಕೂತಿದ್ದರು, ನನ್ನದೇ ವಯಸ್ಸು. ಕೂತ ಕೂಡಲೇ ಹೇಳಿಬಿಟ್ಟೆ: "ನನಗೆ ಆಗಾಗ ಮೈ ಬಿಸಿ ಆಗ್ತದೆ, ಬೀಸ್ಕೊಳ್ತೀನಿ, ಗಾಬರಿ ಆಗಬೇಡಿ." ಅವರು ನನ್ನನ್ನು ಒಂದು ಗಳಿಗೆ ನೋಡಿ, "ಅಕ್ಕಾರ, ನಂಗೂ ಹಂಗೇ ಆಗ್ತೈತ್ರಿ, ಆ ಬೀಸಣಿಗಿ ಈ ಕಡೀನೂ ಸ್ವಲ್ಪ ತಿರುಗಸ್ರಿ" ಅಂದರು.

ಪ್ರಶ್ನೆ ಬಂದಿದೆ. "ಮುಟ್ಟು ಇನ್ನೂ ಪೂರ್ತಿ ನಿಂತಿಲ್ಲ, ಮೂರು ತಿಂಗಳಿಗೊಮ್ಮೆ ಬರುತ್ತೆ. ವಿಮಾನದಲ್ಲೇ ಬಂದರೆ?" ಬರಬಹುದು. ಈ ಹಂತದಲ್ಲಿ ಕ್ಯಾಲೆಂಡರ್ ನಂಬುವ ಹಾಗಿಲ್ಲ, ಬಂದಾಗ ಜೋರಾಗಿಯೂ ಬರಬಹುದು. ಗಾಢ ಬಣ್ಣದ ಬಟ್ಟೆ, ಕೈಚೀಲದಲ್ಲಿ ಒಂದು ಜೊತೆ ಒಳಉಡುಪು, ನಾಲ್ಕೈದು ಪ್ಯಾಡ್. ಆದರೆ ಹನ್ನೆರಡು ತಿಂಗಳು ಪೂರ್ತಿ ನಿಂತು, ಆಮೇಲೆ ಮತ್ತೆ ರಕ್ತ ಕಂಡರೆ ಅದು ಬೇರೆ ವಿಷಯ. "ಹೋಗಿ ಬಂದು ತೋರಿಸೋಣ" ಅನ್ನಬೇಡಿ. ತೋರಿಸಿಯೇ ಹೋಗಿ. ಎಷ್ಟೋ ಸಲ ಏನೂ ಇರುವುದಿಲ್ಲ, ಇದ್ದರೆ ಬೇಗ ಗೊತ್ತಾಗಬೇಕು.

ಇನ್ನೊಂದು ಪ್ರಶ್ನೆ, ಏನು ತಿನ್ನಬೇಕು ಅಂತ. ನಿಮಗೆ ಯಾವುದರಿಂದ ಝಳ ಏಳುತ್ತದೆ ಅಂತ ಮನೆಯಲ್ಲೇ ಹದಿನೈದು ದಿನ ಬರೆದಿಟ್ಟುಕೊಳ್ಳಿ. ನನಗೆ ಬಿಸಿ ಕಾಫಿ. ನಮ್ಮ ಅತ್ತಿಗೆಗೆ ಕಾಫಿ ಕುಡಿದರೆ ಏನೂ ಆಗುವುದಿಲ್ಲ, ಖಾರದ ಸಾರು ಉಂಡರೆ ಆಗುತ್ತದೆ. ವಿಮಾನದಲ್ಲಿ ನಾನು ಕಾಫಿಯನ್ನು ಬಿಡುವುದಿಲ್ಲ, ಆರಿಸಿ ಕುಡಿಯುತ್ತೇನೆ. ಆರಿದ ಕಾಫಿ ಕಾಫಿಯೇ ಅಲ್ಲ ಅಂತ ನಮ್ಮ ಯಜಮಾನರು ಹೇಳುತ್ತಾರೆ, ಅವರಿಗೆ ಝಳ ಬರುವುದಿಲ್ಲವಲ್ಲ.

ಈ ಮಾತು ಮುಗಿಸುವ ಮುಂಚೆ ಒಂದು ನೆನಪು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತು. ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್, ಹದಿನೇಳು ಗಂಟೆ, ಉತ್ತರ ಧ್ರುವದ ಮೇಲಿನ ದಾರಿ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತೆ ಇನ್ನು ಮೂವರು, ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಂಗಸರೇ. ಟಿವಿಯಲ್ಲಿ ನೋಡುತ್ತಾ ನನಗೆ ಬಂದ ಯೋಚನೆ ಹೇಳಿದರೆ ನಗುತ್ತೀರಿ: ಇನ್ನು ಇಪ್ಪತ್ತು ವರ್ಷ ಹೋದರೆ ಇವರೂ ಧ್ರುವದ ಮೇಲೆ ಹಾರುತ್ತಾ ಬೀಸಣಿಗೆ ಹುಡುಕುತ್ತಾರೆ ಅಲ್ವಾ ಅಂತ.

ಸರಿ, ಈ ಚೀಲವನ್ನು ಮೊದಲ ಸಾಲಿನಿಂದ ಒಂದು ಸುತ್ತು ಕಳಿಸುತ್ತೇನೆ. ಬಟ್ಟೆಗೆ ಸ್ಪ್ರೇ ಮಾಡಿ, ಕತ್ತಿನ ಹಿಂದೆ ಇಟ್ಟು ನೋಡಿ. ಇವತ್ತು ಮಳೆ ಬಂದಿದೆ, ಗಾಳಿಯಲ್ಲಿ ತೇವ ಇದೆ, ಅಷ್ಟು ತಣ್ಣಗೆ ಅನ್ನಿಸದಿದ್ದರೆ ನನ್ನ ತಪ್ಪಲ್ಲ. ಬೀಸಣಿಗೆ ಮಾತ್ರ ಮರೆಯದೆ ವಾಪಸ್ ಕೊಡಿ. ಮುಂದಿನ ತಿಂಗಳು ಎರಡನೇ ಬಾಣಂತನ ಇದೆ.